ಹೂಂ ಮುಗಿದುಹೋದ ರಾಜ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಹೂಂ ಅನ್ನಿ. ಕೇಳುವವರು ಹೂಂ ಅನ್ನದಿದ್ದರೆ ನನ್ನ ಕತೆ ಹೆಜ್ಜೆ ಎತ್ತಿಡುವುದಿಲ್ಲ, ಕೂತಲ್ಲೇ ತೂಕಡಿಸುತ್ತದೆ. ಹಾಂ, ಹಾಗೆ. ಆ ಹೂಂ ಜೋಪಾನ. ಅದೂ ಒಂದು ದಿನ ಮುಗಿದುಹೋಗುವ ಸಾಮಾನು ಅಂತ ನಿಮಗಿನ್ನೂ ಗೊತ್ತಿಲ್ಲ.

ರಾಜನ ಹೆಸರು ಗುಡುಗಪ್ಪ ನಾಯಕ. ಗುಡ್ಡದ ಮೇಲೆ ಅವನ ಕೋಟೆ. ಎದುರು ಗುಡ್ಡದ ಮೇಲೆ ಇನ್ನೊಂದು ಕೋಟೆ. ಅಲ್ಲಿನ ರಾಜ ಸಿಡಿಲಪ್ಪ ನಾಯಕ. ಇಬ್ಬರೂ ಬೀಗರು. ಗುಡುಗಪ್ಪನ ಮಗಳನ್ನು ಸಿಡಿಲಪ್ಪನ ಮಗನಿಗೆ ಕೊಟ್ಟಿತ್ತು. ಮಗಳೂ ಅಳಿಯನೂ ಚೆನ್ನಾಗಿಯೇ ಬಾಳುವೆ ಮಾಡುತ್ತಿದ್ದರು. ಜಗಳ ಇದ್ದದ್ದು ಬೀಗರಿಗೆ. ಮದುವೆಯ ದಿನ ಸಿಡಿಲಪ್ಪ ಬೀಗನ ಕೈಗೆ ತೊಟ್ಟು ಮುರಿಯದ ವೀಳ್ಯದೆಲೆ ಕೊಟ್ಟುಬಿಟ್ಟಿದ್ದ.

“ತೊಟ್ಟು ಸಹಿತ ಕೊಡ್ತೀರೇನು? ನಾ ಏನ್ ಆಡು ಅದೀನೇನು?” ಅಂದ ಗುಡುಗಪ್ಪ.

“ತೊಟ್ಟು ಮುರಿಯೂದು ಇಸಗೊಂಡವ್ರ ಕೆಲಸ,” ಅಂದ ಸಿಡಿಲಪ್ಪ.

ಅಷ್ಟೇ. ಅವತ್ತು ಶುರುವಾದ ಯುದ್ಧ ಹದಿಮೂರು ವರ್ಷವಾದರೂ ಮುಗಿದಿರಲಿಲ್ಲ.

ಯುದ್ಧ ಅಂದರೆ ತೋಪಿನ ಯುದ್ಧ. ಗುಡುಗಪ್ಪನ ಬುರುಜಿನ ಮೇಲೆ ಗುಂಡವ್ವ ಅಂತ ಒಂದು ತೋಪು. ಸಿಡಿಲಪ್ಪನ ಬುರುಜಿನ ಮೇಲೆ ಬಾಯಕ್ಕ ಅಂತ ಒಂದು ತೋಪು. ಎರಡಕ್ಕೂ ಮಾತು ಬರುತ್ತಿತ್ತು. ಅಷ್ಟು ದೊಡ್ಡ ಬಾಯಿದ್ದಮೇಲೆ ಮಾತು ಬರದೆ ಇರುತ್ತದೆಯೇ? ಆದರೆ ಎರಡರ ತಾಕತ್ತೂ ಅರ್ಧ ದಾರಿಯದು. ಗುಂಡವ್ವ ಎಷ್ಟೇ ಜೋರಾಗಿ ಕೆಮ್ಮಿದರೂ ಗುಂಡು ಅರ್ಧ ದಾರಿಗೆ ಬಂದು ಬೀಳುತ್ತಿತ್ತು. ಬಾಯಕ್ಕ ಎಷ್ಟೇ ಜೋರಾಗಿ ಕೆಮ್ಮಿದರೂ ಗುಂಡು ಅರ್ಧ ದಾರಿಗೆ ಬಂದು ಬೀಳುತ್ತಿತ್ತು. ಹದಿಮೂರು ವರ್ಷದಲ್ಲಿ ಎರಡು ಕೋಟೆಗಳ ಒಂದು ಹೆಂಚೂ ಒಡೆದಿರಲಿಲ್ಲ.

ಅರ್ಧ ದಾರಿಯಲ್ಲಿ ಯಾರಿದ್ದರು? ಫಕ್ಕೀರವ್ವ ಇದ್ದಳು.

ಫಕ್ಕೀರವ್ವ ಗಂಡ ಸತ್ತ ಹೆಂಗಸು. ಅವಳಿಗೊಂದು ಎಲೆತೋಟ. ಸಾಲಾಗಿ ನುಗ್ಗೆ ಗಿಡ, ಗಿಡಕ್ಕೊಂದು ವೀಳ್ಯದ ಬಳ್ಳಿ. ಅಷ್ಟೂ ಬಳ್ಳಿ ಅವಳ ಗಂಡ ತನ್ನ ಕೈಯಾರೆ ನೆಟ್ಟದ್ದು. ಮತ್ತೊಂದು ಎಮ್ಮೆ. ಎಮ್ಮೆಯ ಹೆಸರು ಸಾವಕಾಶಿ. ಹೆಸರಿಗೆ ತಕ್ಕ ನಡಿಗೆ. ಸಾವಕಾಶಿ ಬಾಲ ಎತ್ತಬೇಕು ಅಂತ ಬೆಳಿಗ್ಗೆ ಅಂದುಕೊಂಡರೆ ಬಾಲ ಮಧ್ಯಾಹ್ನ ಏಳುತ್ತಿತ್ತು. ಎರಡು ಕೋಟೆಗಳಿಗೂ ಎಲೆ ಹೋಗುತ್ತಿದ್ದದ್ದು ಫಕ್ಕೀರವ್ವನ ತೋಟದಿಂದಲೇ. ಮದುವೆಯ ದಿನದ ಆ ತೊಟ್ಟಿನ ಎಲೆ ಕೂಡ ಅವಳ ತೋಟದ್ದೇ.

ಗುಂಡೆಲ್ಲ ಅಲ್ಲೇ ಬಿದ್ದರೆ ಅವಳು ಹದಿಮೂರು ವರ್ಷ ಬದುಕಿದ್ದು ಹೇಗೆ ಅಂತ ಕೇಳಿ. ಕೇಳುವುದಿಲ್ಲವಲ್ಲ, ನಾನೇ ಹೇಳಬೇಕು. ವೀಳ್ಯದ ಶಾಸ್ತ್ರದಿಂದ ಬದುಕಿದ್ದಳು.

ಆ ಕಾಲದಲ್ಲಿ ರಾಜ ವೀಳ್ಯ ಕೊಟ್ಟು ಹೂಂ ಅನ್ನದೆ ಯುದ್ಧವಿಲ್ಲ. ಬುರುಜಿನ ಕಾವಲುಗಾರನಿಗೆ ವೈರಿ ಕಂಡ ಅನ್ನಿ. ಅವನು ಗೋಲಂದಾಜನಿಗೆ ಹೇಳಬೇಕು. ಗೋಲಂದಾಜ ಅಂದರೆ ತೋಪು ಹಾರಿಸುವವನು, ಆದರೆ ತಾನಾಗಿ ಹಾರಿಸುವ ಹಾಗಿಲ್ಲ. ಅವನು ಜಮಾದಾರನಿಗೆ ಹೇಳಬೇಕು. ಜಮಾದಾರ ಕಿಲ್ಲೇದಾರನಿಗೆ, ಕಿಲ್ಲೇದಾರ ದಿವಾನನಿಗೆ, ದಿವಾನ ರಾಜನಿಗೆ. ರಾಜ ವೀಳ್ಯ ಕೊಟ್ಟು “ಹೂಂ” ಅನ್ನುತ್ತಿದ್ದ. ಢಂ ಅಂತ ಒಂದು ನಗಾರಿ. ದಿವಾನ ಆ ಎಲೆಯನ್ನು ಪೂರ್ತಿ ಅಗಿದು ಉಗುಳಿ, ಬಾಯಿ ಒರೆಸಿ, ಹೊಸ ಎಲೆಗೆ ಸುಣ್ಣ ಹಚ್ಚಿ ಕಿಲ್ಲೇದಾರನಿಗೆ ಕೊಡುತ್ತಿದ್ದ. ಇನ್ನೊಂದು ನಗಾರಿ. ಕಿಲ್ಲೇದಾರನಿಗೆ ದವಡೆಹಲ್ಲು ಎರಡೇ. ಅವನು ಅಗಿಯುವಾಗ ಜಮಾದಾರ ಒಂದು ನಿದ್ದೆ ತೆಗೆಯುತ್ತಿದ್ದ. ಹೀಗೆ ಇಳಿದು ಇಳಿದು ಐದನೇ ನಗಾರಿಗೆ ಗೋಲಂದಾಜ ಗುಂಡವ್ವನ ಬಾಯಿಗೆ ಒಂದು ಎಲೆ ಇಟ್ಟು ಬತ್ತಿ ಹಚ್ಚುತ್ತಿದ್ದ. ಅಷ್ಟೊತ್ತಿಗೆ ವೈರಿ ಮನೆಗೆ ಹೋಗಿ ಉಂಡು ಮಲಗಿರುತ್ತಿದ್ದ.

ಫಕ್ಕೀರವ್ವ ನಗಾರಿ ಎಣಿಸುತ್ತಿದ್ದಳು. ಒಂದನೇ ನಗಾರಿಗೆ ಒಲೆಯ ಮೇಲಿನ ಗಡಿಗೆ ಇಳಿಸುತ್ತಿದ್ದಳು. ಎರಡನೇ ನಗಾರಿಗೆ ಸಾವಕಾಶಿಯ ಹಗ್ಗ ಬಿಚ್ಚುತ್ತಿದ್ದಳು. ಮೂರನೇ ನಗಾರಿಗೆ ಸಾವಕಾಶಿ ಮೊದಲ ಹೆಜ್ಜೆ ಇಡುತ್ತಿತ್ತು. ಐದನೇ ನಗಾರಿಗೆ ಇಬ್ಬರೂ ತೋಟದ ಅಂಚಿನ ಆನೆಬಂಡೆಯ ಹಿಂದೆ. ಗುಂಡು ಬೀಳುತ್ತಿತ್ತು, ಒಂದು ಕುಣಿ ಆಗುತ್ತಿತ್ತು. ಫಕ್ಕೀರವ್ವ ಬಂದು ಆ ಕುಣಿಗೆ ಗೊಬ್ಬರ ಹಾಕಿ ಒಂದು ನುಗ್ಗೆ ನೆಡುತ್ತಿದ್ದಳು. ಯುದ್ಧದ ನಡಿಗೆಗೂ ಎಮ್ಮೆಯ ನಡಿಗೆಗೂ ಸರಿಹೊಂದಿಬಿಟ್ಟಿತ್ತು.

ಹೀಗಿರುವಾಗ ಗುಡುಗಪ್ಪನ ಕೋಟೆಗೆ ಗಾಳೆಪ್ಪ ಅನ್ನುವ ನೂಲಿನ ವ್ಯಾಪಾರಿ ಬಂದ. ಅವನ ಹೆಗಲ ಮೇಲೆ ಕುಂಬಳಕಾಯಿ ಗಾತ್ರದ ನೂಲಿನ ಉಂಡೆ.

“ದೊರಿ, ಇದು ಕಿವಿನೂಲು. ಇದಕ್ಕ ಒಂದು ಕರಟ ಕಟ್ಟಿ ಮಾತಾಡಿದ್ರ, ಎಷ್ಟು ಕರಟ ಕಟ್ಟೇರಿ ಅಷ್ಟೂ ಕರಟದಾಗ ಕೇಳಸತೈತಿ. ಕಣ್ಣಿದ್ದವರಿಗೆಲ್ಲಾ ಒಂದೊಂದು ಕರಟ ಕೊಡ್ರಿ. ಇನ್ನ ಮೆಟ್ಟಲಾ ಹತ್ತೂದಿಲ್ಲ, ಇಳಿಯೂದಿಲ್ಲ.”

ರಾಜ ಒಂದು ಕರಟದಲ್ಲಿ ಸೀನಿದ. ಕುದುರೆ ಲಾಯದಲ್ಲಿ, ಅಡುಗೆಮನೆಯಲ್ಲಿ, ಬುರುಜಿನಲ್ಲಿ ಎಲ್ಲರಿಗೂ ಕೇಳಿಸಿತು. ಎಲ್ಲರೂ ಒಟ್ಟಿಗೆ “ನೂರು ವರ್ಷ ಬಾಳ್ರಿ” ಅಂದರು. ರಾಜನಿಗೆ ಖುಷಿಯೋ ಖುಷಿ.

ಆದರೆ ದಿವಾನನಿಗೆ ಒಂದು ಅನುಮಾನ. “ಮಾತು ನೂಲಿನ ಮ್ಯಾಲೆ ಓಡತೈತಿ, ಖರೆ. ವೀಳ್ಯ ಹ್ಯಾಂಗ ಓಡತೈತಿ? ವೀಳ್ಯ ಇಲ್ಲದ ತೋಪು ಹಾರೂದಿಲ್ಲ.”

ಗಾಳೆಪ್ಪ ನಕ್ಕ. “ವೀಳ್ಯ ಓಡಸೂದು ಯಾಕ್ರೀ? ಮೊದಲ ಹಂಚಿಬಿಡ್ರಿ. ಎಲ್ಲಾರ ಸಂಚಿಯಾಗೂ ದೊರಿಯ ವೀಳ್ಯ ಇರಲಿ, ದೊರಿಯ ಹೂಂ ಇರಲಿ. ಕಂಡಾವ್ರು ಹೇಳ್ಬೇಕು, ಹತ್ರ ಇದ್ದಾವ್ರು ಹಾರಸ್ಬೇಕು, ಯಾರೂ ಯಾರನ್ನೂ ಕೇಳೂದ ಬ್ಯಾಡ.”

ಮರುದಿನ ಸೂರ್ಯ ಹುಟ್ಟಿದ್ದೇ ತಡ, ರಾಜ ಹಂಚಲು ಕೂತ. ಒಂದು ಎಲೆ, ಒಂದು ಹೂಂ. ಇನ್ನೊಂದು ಎಲೆ, ಇನ್ನೊಂದು ಹೂಂ. ಜಮಾದಾರನಿಗೆ ಕೊಟ್ಟ, ಕಾವಲುಗಾರರಿಗೆ ಕೊಟ್ಟ, ಮಾವುತನಿಗೆ ಕೊಟ್ಟ, ಪೇಟ ಸುತ್ತುವವನಿಗೆ ಕೊಟ್ಟ. ನಾನೂರನೆಯವನು ಅಡುಗೆ ಭಟ್ಟ. ಅವನಿಗೆ ಕೊಡುವಾಗ ರಾಜನ ಹೂಂ ಬಹಳ ಸಣ್ಣದಾಗಿತ್ತು. ಅದೇ ಕೊನೆಯದು.

ಹೇಗೆ ಗೊತ್ತಾಯಿತು ಅಂದರೆ, ಊಟಕ್ಕೆ ಕೂತಾಗ ರಾಣಿ ಕೇಳಿದಳು: “ಇನ್ನೊಂದು ರೊಟ್ಟಿ ಹಾಕ್ಲೇನ್ರಿ?”

ರಾಜನಿಗೆ ಹಸಿವಿತ್ತು. ಬಾಯಿ ತೆರೆದ. ಹೂಂ ಬರಲಿಲ್ಲ. ಗಂಟಲಲ್ಲಿ ತಡಕಾಡಿದ, ಎದೆಯಲ್ಲಿ ತಡಕಾಡಿದ. ಎಲ್ಲೂ ಇಲ್ಲ. ಉಳಿದದ್ದು ಒಂದೇ.

“ಊಹೂಂ,” ಅಂದ ರಾಜ. ರಾಣಿ ರೊಟ್ಟಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಗಾಳೆಪ್ಪ ಒಳ್ಳೆಯ ವ್ಯಾಪಾರಿ. ಅದೇ ಮಧ್ಯಾಹ್ನ ಎದುರು ಗುಡ್ಡ ಹತ್ತಿ ಸಿಡಿಲಪ್ಪನಿಗೂ ಕಿವಿನೂಲು ಮಾರಿದ. “ಅವ್ರ ಹತ್ರ ಐತಿ, ನಿಮ್ಮ ಹತ್ರ ಇಲ್ಲ,” ಅಂದ. ಇಷ್ಟು ಹೇಳಿದರೆ ಸಾಕಲ್ಲ, ಬೀಗರಲ್ಲವೇ? ಸಂಜೆಯೊಳಗೆ ಸಿಡಿಲಪ್ಪನೂ ಹೂಂ ಹಂಚಿ ಮುಗಿಸಿ, ಅರೆಹೊಟ್ಟೆಯಲ್ಲಿ ಕೈ ತೊಳೆದ.

ಮರುದಿನ ಫಕ್ಕೀರವ್ವ ಒಲೆಯ ಮುಂದೆ ಕೂತಿದ್ದಳು. ಸಾವಕಾಶಿ ನುಗ್ಗೆಯ ನೆರಳಲ್ಲಿ ನಿಂತಿತ್ತು. ನಿನ್ನೆ ಎತ್ತಬೇಕೆಂದುಕೊಂಡಿದ್ದ ಬಾಲವನ್ನು ಈಗ ಎತ್ತಿತು. ಬುರುಜಿನ ಮೇಲಿನ ಕಾವಲುಗಾರ ಕರಟದಲ್ಲಿ ಕೂಗಿದ: “ಅರ್ಧ ದಾರಿಯಾಗ ಏನೋ ಕರೀದು ಅಲಗಾಡಾಕತ್ತೈತಿ!”

ತೋಪಿನ ಹತ್ತಿರ ಯಾರಿದ್ದರು? ಪೇಟ ಸುತ್ತುವವನು ಬಿಸಿಲು ಕಾಯಿಸುತ್ತ ಕೂತಿದ್ದ. ಸಂಚಿ ಬಿಚ್ಚಿದ, ಗುಂಡವ್ವನ ಬಾಯಿಗೆ ಎಲೆ ಇಟ್ಟ, ಬತ್ತಿ ಹಚ್ಚಿದ.

ಒಂದನೇ ನಗಾರಿ ಇಲ್ಲ. ಎರಡನೇ ನಗಾರಿ ಇಲ್ಲ. ಫಕ್ಕೀರವ್ವ ಗಡಿಗೆ ಇಳಿಸಿರಲಿಲ್ಲ, ಹಗ್ಗ ಬಿಚ್ಚಿರಲಿಲ್ಲ. ಗುಂಡು ಬಂದೇಬಿಟ್ಟಿತು. ಮೂರು ಸಾಲು ಬಳ್ಳಿ ಸುಟ್ಟುಹೋಯಿತು. ಸಾವಕಾಶಿಯ ಎಡಗೊಂಬು ಹಾರಿಹೋಯಿತು.

ಇಲ್ಲಿ ನಾನು ತಮಾಷೆ ಮಾಡುವುದಿಲ್ಲ. ಫಕ್ಕೀರವ್ವ ಎಮ್ಮೆಯ ಕೊರಳು ತಬ್ಬಿಕೊಂಡು ಅತ್ತಳು. ಸಾವಕಾಶಿ ಅವತ್ತಿನಿಂದ ಹಾಲು ಕೊಡಲಿಲ್ಲ. ಗಂಡ ನೆಟ್ಟ ಬಳ್ಳಿಗಳ ಬೂದಿಯನ್ನು ಅವಳು ಸೆರಗಿನಲ್ಲಿ ತುಂಬಿಕೊಂಡು ಬಹಳ ಹೊತ್ತು ಕೂತಳು. ಎಲ್ಲಿ ಚೆಲ್ಲಬೇಕೋ ತಿಳಿಯಲಿಲ್ಲ.

ಮರುದಿನ ಗುಡುಗಪ್ಪನ ಆಳುಗಳು ಓಡೋಡಿ ಬಂದರು. ಅವಳ ತೋಟದ ಎಲ್ಲಕ್ಕಿಂತ ಎತ್ತರದ ನುಗ್ಗೆಗೆ ಕೋಟೆಯಿಂದ ಕಿವಿನೂಲು ಎಳೆದು ತಂದು ಒಂದು ಕರಟ ಕಟ್ಟಿದರು. “ಇದು ನಮ್ಮ ಮುಂದಿನ ಕಣ್ಣು,” ಅಂದರು. ಯಾರು ಇಲ್ಲಿ ಕೂತು ನೋಡುವವರು ಅಂತ ಕೇಳಿದಳು ಫಕ್ಕೀರವ್ವ. “ಇಲ್ಲಿ ಯಾರ್ ಕುಂದರ್ತಾರವ್ವ? ಗುಂಡು ಬೀಳತೈತಿ,” ಅಂದು ಓಡಿಹೋದರು. ಅವರು ಹೋದಮೇಲೆ ಸಿಡಿಲಪ್ಪನ ಆಳುಗಳು ಬಂದು ಅದೇ ನುಗ್ಗೆಗೆ ಇನ್ನೊಂದು ಕರಟ ಕಟ್ಟಿದರು. ಅವರೂ ಓಡಿಹೋದರು. ಎರಡೂ ಕಡೆಯವರು ಹೋಗುವಾಗ ಎರಡೆರಡು ಬುಟ್ಟಿ ಎಲೆ ಕಿತ್ತುಕೊಂಡು ಹೋಗುವುದನ್ನು ಮಾತ್ರ ಮರೆಯಲಿಲ್ಲ.

ಈಗ ಎರಡೂ ಕೋಟೆಗಳಲ್ಲಿ ಏನಾಯಿತು ಕೇಳಿ. ಹೂಂ ಅನ್ನಿ ಮೊದಲು.

ಕಂಡವರು ಹೇಳಬೇಕು, ಹತ್ತಿರ ಇದ್ದವರು ಹಾರಿಸಬೇಕು, ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಸರಿ. ಗುಡುಗಪ್ಪನ ಕೋಟೆಯಲ್ಲಿ ಒಬ್ಬನಿಗೆ ಕಾಗೆ ಕಂಡಿತು. ಹೇಳಿದ. ಮಾವುತ ಹಾರಿಸಿದ. ಕಾಗೆ ತಪ್ಪಿಸಿಕೊಂಡು ಅರಮನೆಯ ಕಡೆ ಹಾರಿತು. ತೋಪನ್ನೂ ಅರಮನೆಯ ಕಡೆ ತಿರುಗಿಸಿದರು. ಅಲ್ಲಿ ಮಾಳಿಗೆಯ ಮೇಲೆ ರಾಜನ ಪೇಟ ಒಣಗುತ್ತಿತ್ತು. “ಯಾರೋ ಮಲಕೊಂಡಾರ!” ಅಂದ ಇನ್ನೊಬ್ಬ. ಪೇಟ ಹೋಯಿತು, ಮಾಳಿಗೆಯೂ ಹೋಯಿತು. ಅಡುಗೆ ಭಟ್ಟನಿಗೆ ಬೆಕ್ಕಿನ ಮೇಲೆ ಹಳೇ ಸಿಟ್ಟು. ಬೆಕ್ಕು ಕಂಡಿತು. ಬೆಕ್ಕು ಉಳಿಯಿತು, ಉಪ್ಪಿನಕಾಯಿಯ ಭರಣಿ ಉಳಿಯಲಿಲ್ಲ. ದೂರದ ವೈರಿಗೆ ಹದಿಮೂರು ವರ್ಷ ತಾಗದ ಗುಂಡು ಹತ್ತಿರದ ಮನೆಗೆ ಚೆನ್ನಾಗಿ ತಾಗುತ್ತಿತ್ತು. ಸಿಡಿಲಪ್ಪನ ಕೋಟೆಯಲ್ಲೂ ಇದೇ ಕತೆ. ಅಲ್ಲಿ ಮೊದಲು ಹೋದದ್ದು ರಾಜನ ಜಳಕದ ಮನೆಯ ಗೋಡೆ. ರಾಜ ಒಳಗೇ ಇದ್ದ.

ಗುಡುಗಪ್ಪ ಕರಟ ಹಿಡಿದು ಕಿರುಚಿದ: “ನಿಲ್ಲಸ್ರೋ!”

ಗೋಲಂದಾಜ ಕೈ ಮುಗಿದ. “ನಿಲ್ಲಸಾಕ ವೀಳ್ಯ ಎಲ್ಲಿ ಐತ್ರಿ ದೊರಿ? ವೀಳ್ಯ ಕೊಡೂ ಶಾಸ್ತ್ರ ಐತಿ, ತಿರಗಿ ಇಸಗೊಳ್ಳೂ ಶಾಸ್ತ್ರ ಇಲ್ಲ.”

“ಊಹೂಂ! ಊಹೂಂ!” ಅಂದ ರಾಜ. ನೂಲಿನ ಮೇಲೆ ನಾನೂರು ಹೂಂ ಓಡಾಡುತ್ತಿದ್ದವು. ನಾನೂರು ಹೂಂ ನಡುವೆ ಒಂದು ಊಹೂಂ ಯಾರಿಗೆ ಕೇಳಿಸಬೇಕು? ಗಾಳೆಪ್ಪನನ್ನು ಹುಡುಕಿಸಿದರು. ಅವನು ಮೂರನೇ ಗುಡ್ಡದಲ್ಲಿ ವ್ಯಾಪಾರ ಮಾಡುತ್ತಿದ್ದ.

ಇತ್ತ ಅರ್ಧ ದಾರಿಯಲ್ಲಿ ಒಂದು ಸಂಗತಿ ನಡೆಯಿತು. ಯಾರೂ ಗಮನಿಸಲಿಲ್ಲ. ವೀಳ್ಯದ ಬಳ್ಳಿಗೆ ಒಂದೇ ಕೆಲಸ, ಸಿಕ್ಕಿದ್ದನ್ನು ಹಿಡಿದು ಹತ್ತುವುದು. ಎತ್ತರದ ನುಗ್ಗೆಯ ಬಳ್ಳಿ ಹತ್ತುತ್ತ ಹತ್ತುತ್ತ ಗುಡುಗಪ್ಪನ ನೂಲು ಹಿಡಿಯಿತು, ಸಿಡಿಲಪ್ಪನ ನೂಲೂ ಹಿಡಿಯಿತು, ಎರಡನ್ನೂ ಸೇರಿಸಿ ಸುತ್ತಿಕೊಂಡಿತು. ಎಂಟು ದಿನದಲ್ಲಿ ಎರಡು ನೂಲೂ ಒಂದೇ ನೂಲಾಯಿತು. ಬೀಗರಿಂದ ಆಗದ ಕೆಲಸ ಬಳ್ಳಿಯಿಂದ ಆಯಿತು.

ಒಂಬತ್ತನೇ ದಿನ ಫಕ್ಕೀರವ್ವ ಆ ಗಿಡದ ಕೆಳಗೆ ಸಾವಕಾಶಿಯ ಗಾಯಕ್ಕೆ ಅರಿಸಿನ ಹಚ್ಚುತ್ತಿದ್ದಳು. ಮೇಲೆ ಕರಟದಲ್ಲಿ ಯಾರೋ ಮಾತಾಡುತ್ತಿದ್ದರು.

“ಬಾಯಕ್ಕಾ, ಊಟ ಆತೇನ?”

“ಆತವ್ವ ಗುಂಡವ್ವ. ಮುಂಜಾನಿಂದ ನಲವತ್ತು ಗುಂಡು. ಬಾಯಿ ಬೆಂದು ಹೋಗೈತಿ.”

“ನಂದೂ ಅಷ್ಟ. ಮದಲೆಲ್ಲಾ ದಿನಕ್ಕ ಒಂದ ಸಲ ಕೆಮ್ಮಿದ್ರ ಸಾಕಾಗಿತ್ತು. ಎಷ್ಟ್ ಆರಾಮಿತ್ತ!”

ಫಕ್ಕೀರವ್ವನಿಗೆ ಮೈಯೆಲ್ಲ ಉರಿಯಿತು. ಕಾಯಿ ಕೀಳುವ ಕೋಲಿನಿಂದ ಕರಟ ಎಳೆದು ಬಾಯಿಗೆ ಹಿಡಿದಳು.

“ಏ ಹಾಳಾದವ್ರ! ನಿಮಗ ಆರಾಮ ಬೇಕ? ನನ್ನ ಎಮ್ಮಿ ಕೊಂಬು ಹೋತು, ನನ್ನ ಗಂಡ ಹಚ್ಚಿದ್ದ ಬಳ್ಳಿ ಹೋತು. ಯಾರ ಮಾತು ಕೇಳಿ ಹಾರಸ್ತೀರಿ ನೀವು?”

ತೋಪುಗಳು ಬೆಚ್ಚಿದವು. “ಯಾರ್ ವೀಳ್ಯ ಕೊಡ್ತಾರ ಅವ್ರ ಮಾತು ಕೇಳ್ತೇವವ್ವ. ಅದು ತೋಪಿನ ಕುಲಧರ್ಮ,” ಅಂದಿತು ಗುಂಡವ್ವ.

“ನಿನ್ನಿ ನಿನಗ ವೀಳ್ಯ ಯಾರ್ ಕೊಟ್ರು?”

“ಅಡಗಿ ಭಟ್ಟ.”

“ಭಟ್ಟಗ ಯಾರ್ ಕೊಟ್ರು?”

“ದೊರಿ.”

“ದೊರಿಗೆ ಯಾರ್ ಕೊಟ್ರು?”

ತೋಪುಗಳಿಗೆ ಯೋಚನೆ ನಿಧಾನ, ಆದರೆ ಒಮ್ಮೆ ಶುರುವಾದರೆ ನೆಟ್ಟಗೆ ಹೋಗುತ್ತದೆ.

“ಈ ಎಲಿ ಯಾರ ತೋಟದ್ದವ್ವಾ?” ಅಂತ ಕೇಳಿತು ಬಾಯಕ್ಕ.

“ನಂದು. ಹದಿಮೂರು ವರ್ಷದಿಂದ ನಂದು.”

“ಹಂಗಾರ ಹದಿಮೂರು ವರ್ಷದಿಂದ ನಮ್ಮ ಒಡತಿ ನೀನ!” ಅಂದವು ಎರಡೂ ಒಟ್ಟಿಗೆ. “ತಪ್ಪಾತವ್ವ, ಇಷ್ಟ್ ದಿನ ಗೊತ್ತಾಗ್ಲಿಲ್ಲ. ಈಗ ಹೇಳು, ಯಾವ ಕಡಿ ತಿರಗೂಣು?” ಗುಂಡವ್ವ ಅಂದಿತು: “ನಮ್ಮ ದೊರಿ ಊಟದ ಮನಿ ಇಲ್ಲಿಂದ ಸ್ವಚ್ಛ ಕಾಣತೈತಿ.”

“ನಮ್ಮ ದೊರಿ ಜಳಕದ ಮನಿ ಇನ್ನೂ ಸ್ವಚ್ಛ ಕಾಣತೈತಿ, ಗೋಡಿ ಇಲ್ಲಲಾ,” ಅಂದಿತು ಬಾಯಕ್ಕ. “ನೀ ಒಂದ ಹೂಂ ಅನ್ನು. ಸಾಕು.”

ಫಕ್ಕೀರವ್ವ ಸಾವಕಾಶಿಯ ಕಡೆ ನೋಡಿದಳು. ಎಡಗಡೆ ಕೊಂಬಿಲ್ಲ. ಹೂಂ ಅನ್ನಲು ನಾಲಿಗೆ ಬೇಡ, ಹಲ್ಲು ಬೇಡ, ಬಾಯಿ ಕೂಡ ತೆರೆಯಬೇಕಾಗಿಲ್ಲ. ಅಷ್ಟು ಸುಲಭದ ಮಾತು ಇನ್ನೊಂದಿಲ್ಲ. ಅವಳ ತುಟಿ ಆಗಲೇ ಕೂಡಿತ್ತು. ಗಂಟಲಲ್ಲಿ ಹೂಂ ಬಂದು ನಿಂತಿತ್ತು.

ಅಷ್ಟರಲ್ಲಿ ಕರಟದಲ್ಲಿ ದೂರದ ಒಂದು ಹೆಣ್ಣುದನಿ ಕೇಳಿಸಿತು. ನೂಲಲ್ಲವೇ, ಎಲ್ಲವೂ ಕೇಳಿಸುತ್ತದೆ.

“ಇನ್ನೊಂದು ರೊಟ್ಟಿ ಹಾಕ್ಲೇನ್ರಿ?”

“ಊಹೂಂ,” ಅಂತ ಒಂದು ಗಂಡುದನಿ. ಅದರ ಹಿಂದೆಯೇ ಖಾಲಿ ಹೊಟ್ಟೆಯೊಂದು ಗುರುಗುಟ್ಟಿದ ಸದ್ದು. ಆಮೇಲೆ ರಾಣಿ ಬುಟ್ಟಿ ಎತ್ತಿಕೊಂಡು ಮೂಗೆಳೆದುಕೊಳ್ಳುತ್ತ ಹೋದದ್ದು. “ಹತ್ತು ದಿನ ಆತು, ಒಂದ ರೊಟ್ಟಿಗೆ ಸಾಕಂತಾರ. ಇವ್ರಿಗೇನಾತೋ ನಮ್ಮವ್ವ...”

ಫಕ್ಕೀರವ್ವ ಗಂಟಲಲ್ಲಿ ಬಂದಿದ್ದ ಹೂಂ ನುಂಗಿದಳು. ಕಹಿಯಾಗಿತ್ತು. ಆದರೂ ನುಂಗಿದಳು. ಹಸಿದು ಕೂತವನ ಊಟದ ಮನೆಗೆ ಗುಂಡು ಹಾಕಿಸುವಷ್ಟು ಸಿಟ್ಟು ಅವಳಲ್ಲಿ ಇರಲಿಲ್ಲ. ಇದ್ದಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ.

“ಏ ಗುಂಡವ್ವ, ಏ ಬಾಯಕ್ಕ,” ಅಂದಳು. “ಇಷ್ಟ್ ವರ್ಷ ನಾ ಕೊಟ್ಟ ಎಲಿ ಏನ್ ಮಾಡಿದ್ರಿ?”

“ಬಾಯಾಗ ಇಡ್ತಾರ, ನಾವು ಊದ್ತೇವಿ.”

“ಊದಾಕ ಕೊಟ್ಟೇನೇನು? ಎಲಿ ಇರೂದು ಅಗಿಯಾಕ. ಒಬ್ರರ ಅಗದೀರಾ?”

“ಇಲ್ಲವ್ವ,” ಅಂದವು ತೋಪುಗಳು, ನಾಚಿಕೊಂಡು.

“ಹಂಗಾರ ಕೇಳ್ರಿ ನನ್ನ ಮಾತು. ಅಗೀರಿ. ನುಣ್ಣಗ ಅಗೀರಿ. ಪೂರ್ತಿ ಅಗದು ಮುಗಿಯೂತನಕ ಬಾಯಿ ತಗೀಬ್ಯಾಡ್ರಿ. ಬಾಯಾಗ ಎಲಿ ಇಟಗೊಂಡು ಹಿರ್ಯಾರ ಮುಂದ ಕೆಮ್ಮಬಾರದು.”

“ಹೂಂ,” ಅಂದಿತು ಗುಂಡವ್ವ. “ಹೂಂ,” ಅಂದಿತು ಬಾಯಕ್ಕ. ಅಗಿಯಲು ಶುರುಮಾಡಿದವು.

ನೀವೀಗ ನನ್ನನ್ನು ಒಂದು ಮಾತು ಕೇಳಬೇಕು. ತೋಪಿಗೆ ಹಲ್ಲಿದೆಯೇ? ಇಲ್ಲ. ಹಲ್ಲಿಲ್ಲದ ಬಾಯಲ್ಲಿ ಎಲೆ ಅಗಿದು ಮುಗಿಯುವುದು ಯಾವಾಗ? ಅದನ್ನು ಫಕ್ಕೀರವ್ವ ತೋಪುಗಳಿಗೆ ಹೇಳಲಿಲ್ಲ. ಅವೂ ಕೇಳಲಿಲ್ಲ.

ಎರಡೂ ಕೋಟೆಗಳಲ್ಲಿ ನಾನೂರು ನಾನೂರು ಜನ ಸಂಚಿ ಬಿಚ್ಚಿದರು, ಎಲೆ ಇಟ್ಟರು, ಬತ್ತಿ ಹಚ್ಚಿದರು. ತೋಪುಗಳು “ಉಂ ಉಂ” ಅಂತ ತಲೆ ಅಲ್ಲಾಡಿಸಿದವು. ಮದ್ದಿನ ಪುಡಿ ಎಲೆಯ ರಸದಲ್ಲಿ ನೆನೆದು ಮುದ್ದೆಯಾಯಿತು. ಜನ ಇನ್ನೊಂದು ಎಲೆ ಇಟ್ಟರು, ಇನ್ನೊಂದು ಇಟ್ಟರು. ಕೊನೆಗೆ ಎಲ್ಲರ ಸಂಚಿಯೂ ಖಾಲಿ. ಎಲ್ಲ ಎಲೆಯೂ ಎರಡು ಬಾಯೊಳಗೆ. ಹದಿಮೂರು ವರ್ಷದ ಮೇಲೆ ಗುಡ್ಡದಲ್ಲಿ ಸದ್ದಿಲ್ಲದ ಒಂದು ದಿನ ಬಂತು. ಫಕ್ಕೀರವ್ವ ಎರಡು ನೂಲನ್ನೂ ಕಿತ್ತು ತಂದು ಮೂರು ಸಾಲು ಹೊಸ ಬಳ್ಳಿಯನ್ನು ನುಗ್ಗೆಗೆ ಕಟ್ಟಿದಳು. ಗಟ್ಟಿ ನೂಲು, ಒಳ್ಳೆಯ ಕೆಲಸಕ್ಕೆ ಬಂತು.

ಫಕ್ಕೀರವ್ವ ಹೊಸ ಎಲೆ ಕಳಿಸಲಿಲ್ಲ. ಊಟವಾದಮೇಲೆ ಬಾಯಿಗೆ ಒಂದು ಎಲೆ ಇಲ್ಲದೆ ರಾಜರು ಎಷ್ಟು ದಿನ ತಡೆದಾರು? ನಾಲ್ಕನೇ ದಿನ ಗುಡುಗಪ್ಪ ಆ ಕಡೆಯಿಂದ ಗುಡ್ಡ ಇಳಿದ. ಸಿಡಿಲಪ್ಪ ಈ ಕಡೆಯಿಂದ ಇಳಿದ. ಇಬ್ಬರೂ ಸೊರಗಿ ಕಡ್ಡಿಯಾಗಿದ್ದರು. ಫಕ್ಕೀರವ್ವನ ಕಟ್ಟೆಯ ಮೇಲೆ ಮುಖಾಮುಖಿಯಾದರು. ಹದಿಮೂರು ವರ್ಷದಲ್ಲಿ ಅದೇ ಮೊದಲು.

ಫಕ್ಕೀರವ್ವ ಒಳಗಿಂದ ಬುಟ್ಟಿ ತಂದಳು. ಕೊಡಲಿಲ್ಲ, ಹಿಡಿದುಕೊಂಡು ನಿಂತಳು.

“ಯುದ್ಧ ಇನ್ನೂ ಐತೇನ್ರಿ ದೊರಿಗಳ?”

ಗುಡುಗಪ್ಪ ಎದೆ ಉಬ್ಬಿಸಿದ. ಹೂಂ ಅನ್ನಬೇಕು ಅಂತ ಬಾಯಿ ಮಾಡಿದ. ಎಲ್ಲಿಂದ ಬರಬೇಕು? ಸಿಡಿಲಪ್ಪನೂ ಬಾಯಿ ಮಾಡಿದ.

“ಊಹೂಂ,” ಅಂದ ಗುಡುಗಪ್ಪ.

“ಊಹೂಂ,” ಅಂದ ಸಿಡಿಲಪ್ಪ.

“ಛಲೋ ಆತು. ಎಲಿ ತೊಟ್ಟು ನಾನ ಮುರದು ಕೊಡ್ಲೇನು?”

“ಊಹೂಂ.”

“ಊಹೂಂ.”

ಸರಿ, ಇಬ್ಬರಿಗೂ ಒಂದೊಂದು ಎಲೆ ಕೊಟ್ಟಳು. ಇಬ್ಬರೂ ತಮ್ಮ ತಮ್ಮ ತೊಟ್ಟು ತಾವೇ ಮುರಿದುಕೊಂಡರು. ಪುಟುಕ್, ಪುಟುಕ್. ಹದಿಮೂರು ವರ್ಷದ ಯುದ್ಧ ಅಷ್ಟಕ್ಕೇ ಮುಗಿಯಿತು.

ಹೋಗುವಾಗ ಫಕ್ಕೀರವ್ವ ಇಬ್ಬರ ಕೈಗೂ ಇನ್ನೊಂದು ಎಲೆ ಇಟ್ಟು “ಹೂಂ” ಅಂದಳು. ವೀಳ್ಯ ಕೊಟ್ಟವರು ಹೂಂ ಅನ್ನಬೇಕಲ್ಲ, ಅದು ಶಾಸ್ತ್ರ. ಹೀಗೆ ಇಬ್ಬರು ರಾಜರಿಗೂ ಒಂದೊಂದು ಹೂಂ ಸಿಕ್ಕಿತು. ಒಂದೇ ಒಂದು. ಅದನ್ನು ಅವರು ಯುದ್ಧಕ್ಕೆ ಖರ್ಚು ಮಾಡಲಿಲ್ಲ. ಜೋಪಾನವಾಗಿ ಮನೆಗೆ ಒಯ್ದು, “ಇನ್ನೊಂದು ರೊಟ್ಟಿ ಹಾಕ್ಲೇನ್ರಿ?” ಅಂತ ಅವರವರ ರಾಣಿ ಕೇಳಿದಾಗ ಅಂದರು. ಗುಡುಗಪ್ಪ ಹನ್ನೊಂದು ರೊಟ್ಟಿ ತಿಂದನಂತೆ. ಒಂದೇ ಹೂಂಗೆ ಹನ್ನೊಂದು ಹೇಗೆ ಅಂತ ನನ್ನನ್ನು ಕೇಳಬೇಡಿ, ರಾಣಿಯನ್ನು ಕೇಳಿ.

ಸಾವಕಾಶಿ ಆ ಸಂಜೆ ಅರ್ಧ ಚೆಂಬು ಹಾಲು ಕೊಟ್ಟಿತು. ಕೊಂಬು ಮಾತ್ರ ಮತ್ತೆ ಬರಲಿಲ್ಲ. ಫಕ್ಕೀರವ್ವ ಸಾಯುವ ತನಕ ಒಲೆಯ ಮುಂದೆ ಕೂತಾಗಲೆಲ್ಲ ಒಂದು ಕಿವಿಯನ್ನು ಗುಡ್ಡದ ಕಡೆಗೇ ಇಟ್ಟಿರುತ್ತಿದ್ದಳು, ನಗಾರಿ ಕೇಳುತ್ತದೇನೋ ಅಂತ.

ಹಾಳು ಕೋಟೆಗೆ ಹೋದಾಗ ಹಳೇ ತೋಪುಗಳ ಬಾಯಿ ನೋಡಿ. ಕೆಂಪಗಿರುತ್ತದೆ. ತಿಳಿದವರು ತುಕ್ಕು ಅನ್ನುತ್ತಾರೆ. ಅನ್ನಲಿ. ನನಗೆ ಗೊತ್ತು, ಅದು ಎಲೆಯ ರಸ. ಅವಿನ್ನೂ ಅಗಿದು ಮುಗಿಸಿಲ್ಲ.

ಇದರ ನೀತಿ ಏನು? ನೀತಿ ಬೇಕೇಬೇಕು ಅನ್ನುವವರಿಗೆ ಒಂದು: ಎಲೆಯ ತೊಟ್ಟು ನಿಮ್ಮದು ನೀವೇ ಮುರಿದುಕೊಳ್ಳಿ. ಬೇಡ ಅನ್ನುವವರಿಗೆ ಇನ್ನೊಂದು: ಗಾಳೆಪ್ಪ ಇನ್ನೂ ಸತ್ತಿಲ್ಲ, ಉಂಡೆಯೂ ಮುಗಿದಿಲ್ಲ. ಅವನು ನಿಮ್ಮ ಬಾಗಿಲಿಗೂ ಬಂದು ಕರಟ ಕಟ್ಟುತ್ತೇನೆ ಅಂದಾನು, ಬೇಗ ಆಗುತ್ತದೆ ಅಂದಾನು. ಅಷ್ಟು ಬೇಗ ಆದರೆ ಅರ್ಧ ದಾರಿಯಲ್ಲಿ ಎಮ್ಮೆ ಬಿಚ್ಚುವವರ ಗತಿ ಏನು ಅಂತ ಕೇಳಿ. ಅವನು ಉತ್ತರ ಹುಡುಕುವಷ್ಟರಲ್ಲಿ ಎಮ್ಮೆ ಆನೆಬಂಡೆ ಮುಟ್ಟಿರುತ್ತದೆ.

ನನ್ನ ಕತೆ ಬಂಡೆಯ ಹಿಂದೆ ಹೋಯಿತು, ನಾನು ಈಚೆ ಉಳಿದೆ. ಇಷ್ಟು ಹೊತ್ತು ನೀವು ಕೊಟ್ಟ ಹೂಂಗಳೆಲ್ಲ ಇಲ್ಲೇ ನನ್ನ ಮಡಿಲಲ್ಲಿವೆ. ತಗೊಳ್ಳಿ, ಅವರವರದು ಅವರವರು ಆರಿಸಿಕೊಳ್ಳಿ. ಮನೆಯಲ್ಲಿ ರೊಟ್ಟಿ ಬಡಿಸುವಾಗ ಬೇಕಾಗುತ್ತದೆ.